ಟವೆಲ್ ಯಾರ ಕೈಯಲ್ಲಿ

ಸೋಮವಾರ, ಬೆಳಿಗ್ಗೆ

ಎದುರು ಮೂಲೆಯಲ್ಲಿ ಕೂತಿರುವ ನನ್ನ ಶ್ರೀಮತಿಗೆ,

ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಪದ್ಧತಿಯ ಮುಖಕ್ಕೆ ಗುದ್ದಲು ಮನಸ್ಸಾಗದೆ ಬರೆದಿದ್ದೇನೆ. ನಂಬುವುದೂ ಬಿಡುವುದೂ ನಿನ್ನ ಚಿತ್ತ. ಫೋನ್ ಮಾಡಬಹುದಿತ್ತು. ಆದರೆ ನನ್ನ ಧ್ವನಿ ಕೇಳಿದರೆ ನಿನ್ನ ಬಿ.ಪಿ. ಏರುತ್ತದೆ, ಏನಿದ್ದರೂ ಕಾಗದದಲ್ಲಿ ಬರೆಯಬೇಕು ಎಂದು ಮನೆ ಬಿಡುವಾಗ ನೀನೇ ಶಾಸನ ಹೊರಡಿಸಿದ್ದೆ. ಈಗ ಆ ಧ್ವನಿಯೂ ಅರ್ಧಕ್ಕರ್ಧ ಉಡುಗಿದೆ. ನಿನ್ನ ಬಿ.ಪಿ.ಗೆ ಶುಭವಾಗಲಿ.

ವಿಷಯಕ್ಕೆ ಬರುತ್ತೇನೆ. ನನ್ನ ಬಲಗಡೆಯ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆಯೊಂದು ಮನೆ ಮಾಡಿದೆ. ಇದ್ದಲ್ಲೇ ಇರುವ ಮರ್ಯಾದೆ ಅದಕ್ಕಿಲ್ಲ. ಬೆನ್ನುಮೂಳೆಯಲ್ಲೊಂದು ಶಾಖೆ, ಲಿವರಿನಲ್ಲೊಂದು ಶಾಖೆ ತೆರೆದು ಕೂತಿದೆ. ನಿನ್ನ ಲಾಂಡ್ರಿ ಇಷ್ಟು ಬೇಗ ಬೆಳೆದಿದ್ದರೆ ನೀನಿಂದು ಕಾರಿನಲ್ಲಿ ಓಡಾಡುತ್ತಿದ್ದೆ. ಇದಕ್ಕೆ ನಾಲ್ಕನೇ ಹಂತ ಎಂದು ಹೆಸರು. ಐದನೆಯದು ಉಂಟೇ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. ಇಲ್ಲ ಎಂದರು. ಹಾಗಾದರೆ ನಾವು ಫೈನಲ್ಸ್ ತಲುಪಿದೆವು ಎಂದೆ. ಅವರು ನಗಲಿಲ್ಲ. ಪೂರ್ತಿ ವಾಸಿಯಾಗುವ ಮಾತಿಲ್ಲ, ಹತೋಟಿಯಲ್ಲಿಡಲು ನೋಡೋಣ ಎಂದು ಕೀಮೋ ಶುರು ಮಾಡಿದರು. ಜೊತೆಗೇ, "ಪ್ಯಾಲಿಯೇಟಿವ್ ಡಾಕ್ಟರನ್ನೂ ಈಗಲೇ ನೋಡಿಬಿಡಿ" ಎಂದರು.

ಆ ಪದ ನನಗೆ ಗೊತ್ತಿರಲಿಲ್ಲ. ದುರದೃಷ್ಟಕ್ಕೆ ನಿನ್ನ ತಮ್ಮನಿಗೆ ಗೊತ್ತಿತ್ತು. ಗಂಡನನ್ನು ಬಿಟ್ಟು ಹೋಗುವ ಹೆಂಗಸರು ಒಡವೆ ಒಯ್ಯುತ್ತಾರೆ. ನೀನು ಇಸ್ತ್ರಿಪೆಟ್ಟಿಗೆ ಒಯ್ದೆ, ತಮ್ಮನನ್ನು ಇಲ್ಲೇ ಮರೆತೆ. ಅವನು ಇಂದಿಗೂ ನನ್ನ ಬಾಕ್ಸಿಂಗ್ ಶಾಲೆಯ ನೆಲ ಒರೆಸುತ್ತಾ, ಗ್ಲೌಸ್ ಹೊಲಿಯುತ್ತಾ, ನನ್ನ ಊಟಕ್ಕೆ ಉಪ್ಪು ಜಾಸ್ತಿ ಹಾಕುತ್ತಾ ಇದ್ದಾನೆ.

"ಇನ್ನೇನೂ ಮಾಡಕ್ಕಾಗಲ್ಲ ಅಂತ ಕೈಬಿಟ್ಟ ಮೇಲೆ ಕಳಿಸೋ ಡಾಕ್ಟರ್ ಅದು, ಭಾವ," ಎಂದು ಅವನು ಆಸ್ಪತ್ರೆಯ ಮೊಗಸಾಲೆಯಲ್ಲೇ ಗೊಳೋ ಎಂದು ಅತ್ತ.

ನಮ್ಮ ಕಸುಬಿನಲ್ಲಿ ಸೋಲೊಪ್ಪುವುದು ಹೇಗೆಂದು ನಿನಗೆ ಹೇಳಬೇಕೇ? ತನ್ನವನು ಇನ್ನು ಹೊಡೆತ ತಾಳಲಾರ ಎನಿಸಿದಾಗ ಕೋಚ್ ಮೂಲೆಯಿಂದ ಬಿಳಿ ಟವೆಲ್ ರಿಂಗಿನೊಳಕ್ಕೆ ಎಸೆಯುತ್ತಾನೆ. ಕಾಳಗ ಅಲ್ಲಿಗೆ ಮುಗಿಯಿತು. ಅಂಥ ಟವೆಲ್‌ಗಳ ರಕ್ತ ಇಪ್ಪತ್ತು ವರ್ಷ ತೊಳೆದವಳು ನೀನು. ಆ ಅನುಭವದ ಮೇಲೇ ನಿನ್ನ ಲಾಂಡ್ರಿ ನಿಂತಿದೆ. ಈಗ ನನ್ನ ಮೊದಲ ರೌಂಡಿನ ಗಂಟೆ ಹೊಡೆದು ಇನ್ನೂ ಸದ್ದು ಅಡಗಿಲ್ಲ, ಈ ಮಹಾನುಭಾವರು ಆಗಲೇ ಟವೆಲ್ ಎಸೆಯುತ್ತಿದ್ದಾರೆ ಎಂದು ಮೈ ಉರಿದುಹೋಯಿತು. ಆಸ್ಪತ್ರೆಯ ಗೋಡೆಗೊಂದು ಬಲಗೈ ಪಂಚ್ ಕೊಟ್ಟೆ. ಗೋಡೆ ಗೆದ್ದಿತು. ಬೆರಳ ಗೆಣ್ಣಿನ ಚರ್ಮವೆಲ್ಲ ಅಲ್ಲೇ ಉಳಿಯಿತು. ಆ ಡಾಕ್ಟರ ಕೋಣೆಗೆ ಮಾತ್ರ ಕಾಲಿಡಲಿಲ್ಲ.

ನಾನು ಹೋಗಲಿಲ್ಲವೆಂದು ಅವರೇ ಮನೆಗೊಬ್ಬ ನರ್ಸನ್ನು ಕಳಿಸಿದರು. ಸಣಕಲು ಮನುಷ್ಯ, ಬಟ್ಟೆ ಒಣಹಾಕುವ ಗಳುವಿನ ಹಾಗಿದ್ದ. ಬಾಗಿಲು ತೆರೆಯಲು ಎದ್ದು ಹೋದವನು ನಾನು ಮಂಚಕ್ಕೆ ವಾಪಸು ಬರುವಷ್ಟರಲ್ಲಿ ದಡಕ್ಕೆ ಬಿದ್ದ ಮೀನಾಗಿದ್ದೆ. ಅವನು ನನ್ನ ಎದೆ ನೋಡಿದ, ಗೋಡೆಗೆ ಗುದ್ದಿದ ಕೈ ನೋಡಿದ. "ಮುಖಕ್ಕೆ ತಣ್ಣೀರಿನ ಬಟ್ಟೆ ಇಟ್ಕೊಂಡ್ರೆ ಉಸಿರು ಸ್ವಲ್ಪ ಹಗುರಾಗುತ್ತೆ," ಎಂದು ಬಚ್ಚಲಿಗೆ ಹೋದ. ಅಲ್ಲಿ ಸಿಕ್ಕಿದ ಬಟ್ಟೆ ಒದ್ದೆ ಮಾಡಿ, ಹಿಂಡಿ, ಬಾಗಿಲಲ್ಲೇ ನಿಂತು, "ಹಿಡೀರಿ ಮಾಸ್ಟ್ರೇ," ಎಂದು ನನ್ನತ್ತ ಎಸೆದ.

ಅದು ಬಿಳಿ ಟವೆಲ್. ಗಾಳಿಯಲ್ಲಿ ಬಿಚ್ಚಿಕೊಂಡು ಬಂದು ಪಟ್ಟನೆ ನನ್ನ ಪಾದದ ಹತ್ತಿರ ಬಿತ್ತು.

ಲೋಕದಲ್ಲಿ ಬೇರೆ ಯಾರ ಮನೆಯಲ್ಲಾದರೂ ಅದು ಟವೆಲ್ ಆಗಿರುತ್ತಿತ್ತು. ನನ್ನ ಕಣ್ಣಿಗೆ ಕತ್ತಲೆ ಕಟ್ಟಿತು. ಎರಡು ಹೆಜ್ಜೆಗೊಮ್ಮೆ ಕೂರುವ ಮನುಷ್ಯ ಹೇಗೆ ಎದ್ದೆನೋ ಕಾಣೆ. ಎಡಗೈ ಹುಕ್, ಸೊಂಟದಿಂದ ತಿರುಗಿಸಿ, ನಾನು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ಹಾಗೆ. ಅವನ ಮೂಗು ಒಣಕಡ್ಡಿಯಂತೆ ಲಟಕ್ಕೆಂದಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸದ್ದು ಕಿವಿಗೆ ತಂಪಾಗಿತ್ತು. ಕಾಯಿಲೆಗೆ ಮುಖವಿಲ್ಲ ಕಣೇ. ಇವನಿಗಿತ್ತು.

ವಿಜಯೋತ್ಸವಕ್ಕೆ ಸಮಯ ಸಿಗಲಿಲ್ಲ. ನನ್ನ ಉಸಿರು ಹಿಡಿದುಕೊಂಡಿತು. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗೆ. ನಾನು ಹೋಗಿ ಅವನ ಮೇಲೇ ಬಿದ್ದೆ. ಅಡಿಯಲ್ಲಿದ್ದವನು ರಕ್ತ ಸುರಿಸಿಕೊಂಡೇ ನನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಮುಂದಕ್ಕೆ ಬಾಗಿಸಿ, ಮೊಣಕೈ ಎರಡನ್ನೂ ತೊಡೆಗೆ ಊರಿಸಿ, ಜೇಬಿನಿಂದ ಒಂದು ಪುಟ್ಟ ಬ್ಯಾಟರಿ ಫ್ಯಾನು ತೆಗೆದು ನನ್ನ ಮೂಗಿನ ಮುಂದೆ ಹಿಡಿದ. "ಊದಿ... ಮೇಣದಬತ್ತಿ ಆರಿಸೋ ಹಾಗೆ... ನಿಧಾನ..." ಎನ್ನುತ್ತಿದ್ದರೆ ಅವನ ರಕ್ತ ನನ್ನ ಬನಿಯನ್ ಮೇಲೆ ತೊಟ್ಟಿಕ್ಕುತ್ತಿತ್ತು. ಉಸಿರು ದಾರಿಗೆ ಬಂದ ಮೇಲೆ ನಾನು ಅವನನ್ನು ಕೂರಿಸಿದೆ. ಮೂಗಿನ ರಕ್ತ ನಿಲ್ಲಿಸುವುದು ನನ್ನ ಕಸುಬು ತಾನೇ? ಅದೇ ಟವೆಲ್‌ನಿಂದ ಒತ್ತಿ ಹಿಡಿದು, ಹತ್ತಿ ತುರುಕಿದೆ. ನಮ್ಮಿಬ್ಬರ ಸ್ನೇಹ ಹೀಗೆ ಶುಭಾರಂಭವಾಯಿತು. ಅಂದಿನಿಂದ ಅವನು ಮೂಗಣ್ಣ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ನಿನ್ನ ತಮ್ಮ ಒಳಗೆ ಬಂದ. ನನ್ನ ಬನಿಯನ್ ಪೂರ್ತಿ ರಕ್ತ ಕಂಡ. ಯಾರ ರಕ್ತ ಎಂದು ಕೇಳುವ ವ್ಯವಧಾನ ನಿಮ್ಮ ವಂಶದಲ್ಲೇ ಇಲ್ಲ. ಬಾಕ್ಸಿಂಗ್ ಶಾಲೆಗೆ ಓಡಿ, "ಮಾಸ್ಟ್ರನ್ನ ಆಸ್ಪತ್ರೆಯವರು ಹೊಡೆದು ಹಾಕಿದ್ರು!" ಎಂದು ಕೂಗಿ, ಇಡೀ ಪಟಾಲಂ ಕಟ್ಟಿಕೊಂಡು ಆಸ್ಪತ್ರೆಗೆ ನುಗ್ಗಿದ. ಗಾಜಿನ ಬಾಗಿಲೊಂದು ಹುಡಿಯಾಯಿತು. ಕುರ್ಚಿಗಳು ಹಾರಿದವು. ಕಾವಲುಗಾರ ನನ್ನ ಹಳೆಯ ಶಿಷ್ಯನೇ ಆದ್ದರಿಂದ ನಿನ್ನ ತಮ್ಮನ ಎರಡು ಹಲ್ಲನ್ನು ಶಾಸ್ತ್ರೋಕ್ತವಾಗಿ ಉದುರಿಸಿದ. ಆಗ ಪ್ಯಾಲಿಯೇಟಿವ್ ಡಾಕ್ಟರ್ ಹೊರಬಂದರಂತೆ. ಭುಜದ ಮಟ್ಟಕ್ಕೂ ಬಾರದ ಹೆಂಗಸು. ಪುಟ್ಟ ಡಾಕ್ಟರ್ ಅನ್ನೋಣ. ಕುರ್ಚಿ ಹತ್ತಿ ನಿಂತು, "ನನಗೆ ಹೊಡೀಬೇಕು ಅನ್ನೋರು ಕೌಂಟರಿನಲ್ಲಿ ಟೋಕನ್ ತಗೊಂಡು ಸಾಲಾಗಿ ಬನ್ನಿ!" ಎಂದು ಗದರಿದರು. ನಮ್ಮವರು ಸಾಲಾಗಿ ನಿಂತೇಬಿಟ್ಟರು. ಶಿಸ್ತು ಕಲಿಸಿದ್ದು ನಾನಲ್ಲವೇ.

ಮರುದಿನ ಪುಟ್ಟ ಡಾಕ್ಟರ್, ಮೂಗಿಗೆ ಪ್ಲಾಸ್ಟರ್ ಹಾಕಿಕೊಂಡ ಮೂಗಣ್ಣ, ಇಬ್ಬರೂ ಮನೆಗೆ ಬಂದರು. ಇನ್ನೊಂದೇ ಒಂದು ಸಲ ಯಾರಾದರೂ ಕೈ ಎತ್ತಿದರೆ ನನ್ನ ಮನೆಗೆ ಯಾರೂ ಬರುವುದಿಲ್ಲ, ಇದು ಆಸ್ಪತ್ರೆಯವರ ಕಟ್ಟಪ್ಪಣೆ ಎಂದರು. ಆಮೇಲೆ, "ಕೀಮೋ ಕೊಡೋರು ಕೊಡ್ತಾನೇ ಇರ್ತಾರೆ. ಅದನ್ನ ನಿಲ್ಲಿಸೋಕೆ ನಾನು ಬಂದಿಲ್ಲ. ನೋವು, ಉಸಿರು, ನಿದ್ದೆ, ಹೆದರಿಕೆ, ಇದು ನನ್ನ ಪಾಲು," ಎಂದರು.

"ಅಂದ್ರೆ ರೌಂಡಿನ ನಡುವೆ ಸ್ಟೂಲ್ ಹಾಕಿ ನೀರು ಕೊಡೋರು?" ಎಂದೆ.

"ಹೂಂ ಮಾಸ್ಟ್ರೇ, ಅದೇ," ಎಂದು ಮೂಗಣ್ಣ ಬಾಯಲ್ಲಿ ಉಸಿರಾಡುತ್ತಾ ಹೇಳಿದ.

"ಅದಕ್ಕೆ ಇಷ್ಟು ಬೇಗ ಯಾಕೆ? ನಾನಿನ್ನೂ ನಿಂತಿದ್ದೀನಲ್ಲ?"

"ನಿಮ್ಮಲ್ಲಿ ಕೊನೇ ರೌಂಡಿಗೆ ಮಾತ್ರ ಸ್ಟೂಲ್ ಹಾಕ್ತೀರಾ?" ಎಂದರು ಪುಟ್ಟ ಡಾಕ್ಟರ್.

ಇಡೀ ಜನ್ಮದಲ್ಲಿ ನನ್ನ ಗದ್ದಕ್ಕೆ ಇಷ್ಟು ಚೊಕ್ಕವಾಗಿ ಬಿದ್ದ ಅಪ್ಪರ್‌ಕಟ್ ಬೇರೊಂದಿಲ್ಲ.

ಮಾರ್ಫೀನ್ ವಿಷಯದಲ್ಲಿ ಮತ್ತೊಂದು ಕದನವಾಯಿತು. ಉಸಿರಿನ ಸಂಕಟಕ್ಕೆ ಸಣ್ಣ ಪ್ರಮಾಣದಲ್ಲಿ ಕುಡಿಯಬೇಕಂತೆ. ಅದು ಆಟದಲ್ಲಿ ನಿಷೇಧಿಸಿದ ಮದ್ದು, ಕೇಳದೆ ಕೆಮ್ಮಿನ ಔಷಧಿ ಕುಡಿದವರನ್ನೂ ಶಾಲೆಯಿಂದ ಒದ್ದು ಓಡಿಸಿದವನು ನಾನು ಎಂದು ಬಾಟಲಿಯನ್ನು ಕಿಟಕಿಯತ್ತ ಬೀಸಲು ಹೋದೆ. ಮೂಗಣ್ಣ ಮೂಗನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. "ಈ ಸಲ ರಿಂಗಿಗೆ ನೀವೇ ಇಳೀತಿದ್ದೀರಾ?" ಎಂದು ಪುಟ್ಟ ಡಾಕ್ಟರ್ ಕೇಳಿದರು. ಇಲ್ಲವಲ್ಲ. ಕುಡಿದೆ. ಉಸಿರು ಹಗುರವಾಯಿತು, ಹೊಟ್ಟೆ ಕಲ್ಲಾಯಿತು, ಅದಕ್ಕೆ ಬೇರೆ ಔಷಧಿ ಕೊಟ್ಟರು. ಆ ಯುದ್ಧದ ವರದಿ ಕಾಗದಕ್ಕೆ ತಕ್ಕದ್ದಲ್ಲ.

ಹೋಗುವ ಮುನ್ನ ಅವರು ಎರಡು ಪ್ರಶ್ನೆ ಕೇಳಿದರು. ನಿಮಗೆ ಏನು ಮಾಡಬೇಕು ಅಂತ ಆಸೆ ಎಂಬುದು ಒಂದು. ಗುಬ್ಬಿಯ ಸೆಮಿಫೈನಲ್‌ಗೆ ಅವಳ ಮೂಲೆಯಲ್ಲಿ ನಿಲ್ಲಬೇಕು ಎಂದೆ. ಗುಬ್ಬಿ ನಿನಗೆ ನೆನಪಿರಬೇಕು, ನಮ್ಮ ಊಟದ ಮೇಜಿನ ಕಾಲು ಮುರಿದ ನನ್ನ ಶಿಷ್ಯೆ. ಸರಿ, ಅದಕ್ಕೇ ತಯಾರಿ ಮಾಡೋಣ ಎಂದು ಮೂಗಣ್ಣ ಈಗ ನನಗೇ ಕೋಚ್ ಆಗಿದ್ದಾನೆ.

ಎರಡನೇ ಪ್ರಶ್ನೆ ಅಂಥಾದ್ದೇನಲ್ಲ. ಬಿಡು.

ಸೆಮಿಫೈನಲ್‌ಗೆ ಒಳ್ಳೆಯ ಬಿಳಿ ಟವೆಲ್ ಎರಡು ಕಳಿಸು. ಇಲ್ಲಿರುವುದೆಲ್ಲ ಮೂಗಣ್ಣನ ಮೂಗಿಗೆ ಖರ್ಚಾಗಿವೆ.

ಇನ್ನೂ ನೆಲ ಕಚ್ಚದ,
ನಿನ್ನ ಗಂಡ

ವಿ.ಸೂ.: ಊಟದ ಮೇಜಿನ ಮೇಲೆ ದೀಪ ತೂಗುತ್ತಿದ್ದ ಕೊಕ್ಕೆಗೆ ನಾನು ಗುದ್ದುವ ಮರಳಿನ ಚೀಲ ನೇತುಹಾಕಿದಾಗ, "ಈ ಮನೇಲಿ ಆ ಚೀಲ ಇರಬೇಕು, ಇಲ್ಲ ನಾನಿರಬೇಕು" ಎಂದಿದ್ದೆಯಲ್ಲ, ಯೋಚಿಸಲು ಒಂದು ನಿಮಿಷ ಕೊಡು ಎಂದು ನಾನು ಹೇಳಿದ್ದೆ. ಯೋಚನೆ ಇನ್ನೂ ನಡೆದಿದೆ.


ಶುಕ್ರವಾರ

ರೀ,

ನಿಮ್ಮ ಕಾಗದ ಓದುತ್ತಾ ಯಾರದೋ ಶರಟಿನ ಬೆನ್ನು ಸುಟ್ಟೆ. ಶರಟಿನವನು ಬಾಯಿಗೆ ಬಂದಂತೆ ಬೈದ. ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದೆ. ಅದೂ ನಾನೇ ಇಸ್ತ್ರಿ ಮಾಡಿಕೊಟ್ಟ ಕಾಲರ್. ನನ್ನ ಜೊತೆ ಕೆಲಸ ಮಾಡುವವಳು ಬಿಡಿಸದಿದ್ದರೆ ಕಾದ ಪೆಟ್ಟಿಗೆ ಅವನ ಮುಖಕ್ಕೇ ಹೋಗುತ್ತಿತ್ತು. ಅವನು ಮಾಡಿದ ತಪ್ಪೇನು? ನಿಮ್ಮ ಕೈಗೆ ಆ ನರ್ಸು ಸಿಕ್ಕ ಹಾಗೆ ನನ್ನ ಕೈಗೆ ಇವನು ಸಿಕ್ಕ.

ನನ್ನ ತಮ್ಮ ಫೋನಿನಲ್ಲಿ "ಭಾವನಿಗೆ ಒಂಚೂರು ಕೆಮ್ಮು" ಎಂದಿದ್ದ. ಉಳಿದ ಹಲ್ಲುಗಳನ್ನು ನನಗಾಗಿ ಕಾದಿರಿಸಲು ಅವನಿಗೆ ಹೇಳಿ.

ತಮಾಷೆಯಾಗಿ ಬರೆದಿದ್ದೀರಿ, ನಕ್ಕೆ ಕೂಡ. ನಗುತ್ತಿದ್ದಾಗಲೇ ನೋಡಿದೆ, ನಿಮ್ಮ ಅಕ್ಷರಗಳು ಪುಟದ ಕೊನೆಗೆ ಬರುವ ಹೊತ್ತಿಗೆ ಗೆರೆ ಬಿಟ್ಟು ಕೆಳಕ್ಕೆ ಜಾರುತ್ತವೆ. ಮೊದಲು ಹೀಗಿರಲಿಲ್ಲ. ನಿಮ್ಮ ಬರವಣಿಗೆ ನಿಮ್ಮ ಹಾಗೆಯೇ ಎದೆ ಸೆಟೆಸಿ ನಡೆಯುತ್ತಿತ್ತು. ಒಂದು ಕಾಗದವನ್ನು ಎಷ್ಟು ಸಲ ಕೂತೆದ್ದು ಬರೆದಿರಿ?

ಮೊದಲು ಆ ನರ್ಸಿನ ಕೈ ಹಿಡಿದು ಕ್ಷಮೆ ಕೇಳಿ. ರಕ್ತ ಒರೆಸಿದ್ದು ಕ್ಷಮೆಯಲ್ಲ. ಅದು ನಿಮ್ಮ ಕಸುಬು. ನೀವು ಹೊಡೆದರೂ ಫ್ಯಾನು ಹಿಡಿದು ಕೂತನಲ್ಲ, ಅಂಥವರು ಇನ್ನೊಮ್ಮೆ ಸಿಗುವುದಿಲ್ಲ. ಅವರು ಬರುವುದು ನಿಂತರೆ ನಿಮ್ಮ ಉಸಿರಿನ ಗತಿ ಏನು? ಆ ಕೈಗಳನ್ನು ಜೇಬಿನಲ್ಲಿಟ್ಟು ಹೊಲಿದುಬಿಡು ಎಂದು ತಮ್ಮನಿಗೆ ಹೇಳುತ್ತೇನೆ.

ಇನ್ನು ಎರಡನೇ ಪ್ರಶ್ನೆ. "ಅಂಥಾದ್ದೇನಲ್ಲ, ಬಿಡು" ಎಂದರೆ ಬಿಡುವ ಹೆಂಗಸನ್ನು ನೀವು ಮದುವೆಯಾಗಿಲ್ಲ. ನನಗೆ ನಿಮ್ಮ ರೌಂಡು, ಹುಕ್ಕು ಗೊತ್ತಿಲ್ಲದಿರಬಹುದು. ಆದರೆ ನೀವು ಮಾತು ನುಂಗಿದಾಗ ಗಂಟಲಲ್ಲಿ ಎಲ್ಲಿ ಉಬ್ಬುತ್ತದೆ ಎಂದು ಇಲ್ಲಿಂದಲೇ ಕಾಣುತ್ತದೆ. ಏನು ಕೇಳಿದರು ಆ ಪುಟ್ಟ ಡಾಕ್ಟರ್? ಬರೆಯಿರಿ. ಇಲ್ಲದಿದ್ದರೆ ನಾನೂ ಟೋಕನ್ ತೆಗೆದುಕೊಂಡು ಅವರ ಎದುರು ನಿಲ್ಲಬೇಕಾಗುತ್ತದೆ.

ಟವೆಲ್ ಕಳಿಸಿದ್ದೇನೆ. ಗಂಜಿ ಹಾಕಿಲ್ಲ, ಮೆತ್ತಗಿದೆ.

ಇಂತಿ,
ನಿಮ್ಮ ಹೆಂಡತಿ (ಕಾಗದಪತ್ರಗಳ ಪ್ರಕಾರ ಇನ್ನೂ)

ವಿ.ಸೂ.: ರಕ್ತವಾದರೆ ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು ಹಾಕಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಇಪ್ಪತ್ತು ವರ್ಷ ಹೇಳಿದರೂ ನಿಮ್ಮ ತಲೆಗೆ ಹೋಗಿಲ್ಲ.


ಭಾನುವಾರ, ಮಧ್ಯಾಹ್ನ

ಕಾಲರ್ ಹಿಡಿಯುವ ಕಲೆಯಲ್ಲಿ ನಿಪುಣೆಯಾದ ನನ್ನ ಹೆಂಡತಿಗೆ,

ಟವೆಲ್ ತಲುಪಿತು. ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಿ ಮಾಸ್ಟ್ರೇ, ಮೊದಲೂ ಅಂಥಾ ಚೆಂದದ ಮೂಗೇನಲ್ಲ," ಎಂದ ಮೂಗಣ್ಣ. ಅವನೂ ನಮ್ಮ ಜಾತಿಯವನೇ. ನೋವನ್ನು ನಗುವಿನಲ್ಲಿ ಸುತ್ತಿ ಜೇಬಿಗಿಡುವ ಜಾತಿ.

ಸೆಮಿಫೈನಲ್ ನಿನ್ನೆ ಆಯಿತು. ವರದಿ ಒಪ್ಪಿಸುತ್ತೇನೆ.

ರಿಂಗಿನ ಮೂಲೆಗೆ ಹತ್ತಲು ಮೂರು ಮೆಟ್ಟಿಲು. ಅದಕ್ಕೆ ನನ್ನ ತಾಲೀಮು ನೋಡಿದ್ದರೆ ನೀನು ಹೊಟ್ಟೆ ಹಿಡಿದು ನಗುತ್ತಿದ್ದೆ. ಶ್ರಮ ಬೀಳುವ ಕ್ಷಣದಲ್ಲಿ ಉಸಿರು ಎಳೆಯಬಾರದು, ಊದಬೇಕು ಎಂದು ಮೂಗಣ್ಣ ಹೇಳಿಕೊಟ್ಟ. ಕಾಲೆತ್ತಿದಾಗ ಉಸ್, ಮುಂದಿನ ಕಾಲೆತ್ತಿದಾಗ ಉಸ್. ಪಂಚ್ ಹೊಡೆಯುವಾಗ ಉಸ್ ಎನ್ನಿ ಎಂದು ನಾನು ಜೀವಮಾನವಿಡೀ ಕೂಗಿದ್ದು ಇದನ್ನೇ! ನನ್ನ ಪಾಠ ನನಗೇ ಮಾರಿದ ಭೂಪ. ಒಂದೊಂದು ಮೆಟ್ಟಿಲಿಗೂ ಒಂದೊಂದು ಗುದ್ದು ಕೊಟ್ಟ ಹಾಗೆ ಹತ್ತಿದೆ. ಕೀಮೋ ಆದ ವಾರವಲ್ಲ, ಮಾರ್ಫೀನ್ ಹೊಟ್ಟೆಯಲ್ಲಿ, ಬೆನ್ನಿನ ನೋವು ಅದರ ಗೂಡಿನಲ್ಲಿ. ಹಿಂದೆ ಫ್ಯಾನು ಹಿಡಿದ ಮೂಗಣ್ಣ, ಬಕೆಟ್ ಹಿಡಿದ ನಿನ್ನ ತಮ್ಮ. ಮೂಲೆಗೆ ಇಂಥ ಮೆರವಣಿಗೆಯನ್ನು ಯಾವ ಊರೂ ಕಂಡಿರಲಿಲ್ಲ.

ಎದುರಾಳಿ ನೀಳಗೈಯ ಹುಡುಗಿ. ಮನಸ್ಸಿನಲ್ಲೇ ಅವಳಿಗೆ ಜಿರಾಫೆ ಎಂದು ಹೆಸರಿಟ್ಟೆ. ಮೊದಲ ರೌಂಡು ನಮ್ಮದು. ಗುಬ್ಬಿ ಒಳಕ್ಕೆ ನುಗ್ಗಿ ಜಿರಾಫೆಯ ತುಟಿ ಸೀಳಿದಳು. ನಾನು ಶಿಳ್ಳೆ ಹಾಕಲು ಹೋಗಿ ಕೆಮ್ಮಿದೆ. ವಿರಾಮದಲ್ಲಿ ನಾನು ಗುಬ್ಬಿಗೆ ಗಾಳಿ ಬೀಸಿದೆ, ಮೂಗಣ್ಣ ನನಗೆ ಬೀಸಿದ.

ಎರಡನೇ ರೌಂಡಿನಲ್ಲಿ ಗ್ರಹಚಾರ ತಿರುಗಿತು. ಜಿರಾಫೆಯ ಬಲಗೈ ದೂರದಿಂದ, ಮತ್ತೆ ಮತ್ತೆ, ಒಂದೇ ಜಾಗಕ್ಕೆ. ಗುಬ್ಬಿಯ ಎಡಹುಬ್ಬು ಬಾಯಿ ತೆರೆಯಿತು. ಬಾಯೊಳಗಿನ ರಬ್ಬರ್ ಕವಚ ಹಾರಿ ಮೂಲೆಯ ಕಂಬಕ್ಕೆ ಬಡಿಯಿತು. ಅವಳು ಮಂಡಿಯೂರಿ ಬಿದ್ದಳು. ರೆಫರಿ ಎಂಟು ಎನ್ನುವಾಗ ಎದ್ದಳು. ವಿರಾಮದಲ್ಲಿ ಹುಬ್ಬಿನ ಗಾಯ ಒತ್ತಿ ವ್ಯಾಸಲಿನ್ ಮೆತ್ತಿದೆ. ಎಡಗಣ್ಣು ಊದಿ ಮುಚ್ಚುತ್ತಿತ್ತು. "ಕಾಣುತ್ತಾ?" "ಕಾಣುತ್ತೆ ಮಾಸ್ಟ್ರೇ." ಅವಳ ಎಡಗಡೆಗೆ ನನ್ನ ಕೈ ಎತ್ತಿ ಹಿಡಿದು, "ಎಷ್ಟು ಬೆರಳು?" ಎಂದೆ. "ಎರಡು," ಎಂದಳು. ನಾನು ಹಿಡಿದದ್ದು ಮುಚ್ಚಿದ ಮುಷ್ಟಿ.

ಆದರೂ ಕಳಿಸಿದೆ. ಅವಳ ಒಳ್ಳೆಯ ಕಣ್ಣಿನಲ್ಲಿ ಅಂಥ ಬೇಡಿಕೆ ಇತ್ತು.

ಮೂರನೆಯದನ್ನು ಬಾಕ್ಸಿಂಗ್ ಎನ್ನಲಾರೆ. ಎಡಗಡೆಯಿಂದ ಬರುವುದೇನೂ ಅವಳಿಗೆ ಕಾಣುತ್ತಿರಲಿಲ್ಲ. ಪ್ರತಿ ಹೊಡೆತಕ್ಕೂ ತಲೆ ಗಾಳಿಗೆ ಸಿಕ್ಕ ಬಾಗಿಲಿನಂತೆ ಬಡಿದುಕೊಳ್ಳುತ್ತಿತ್ತು. ರಕ್ತದ ಹನಿ ಹಾರಿ ನನ್ನ ಕನ್ನಡಕದ ಮೇಲೆ ಬಿತ್ತು. "ಎಸೀಬೇಡಿ ಭಾವ! ಇನ್ನೂ ನಿಂತಿದ್ದಾಳೆ, ಎಸೀಬೇಡಿ!" ಎಂದು ನಿನ್ನ ತಮ್ಮ ನನ್ನ ತೋಳು ಹಿಡಿದು ಜಗ್ಗುತ್ತಿದ್ದ. ಸಾಕು ಎಂದು ಕೂಗಲು ಬಾಯಿ ತೆರೆದೆ. ಗಾಳಿಯೇ ಇರಲಿಲ್ಲ.

ತೋಳು ಕೊಡವಿ ನೀನು ಕಳಿಸಿದ ಟವೆಲ್ ಎಸೆದೆ. ನನ್ನ ಕೈಯ ಬಲಕ್ಕೆ ಅದು ಹಗ್ಗದವರೆಗೂ ಹೋಗದೆ ಅಂಚಿನಲ್ಲೇ ಬಿತ್ತು. ರೆಫರಿ ನೋಡಲಿಲ್ಲ. ಗುಬ್ಬಿಗೆ ಇನ್ನೂ ಎರಡು ಬಿದ್ದವು. ಆ ಎರಡರ ಸದ್ದು ಈ ಕಾಗದ ಬರೆಯುವಾಗಲೂ ಕೇಳುತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಉದ್ದನೆಯ ಕೈ ಬಂತು, ಟವೆಲ್ ಹೆಕ್ಕಿತು, ರಿಂಗಿನ ನಟ್ಟನಡುವೆ ಬೀಳುವ ಹಾಗೆ ಬೀಸಿ ಎಸೆಯಿತು. ಟವೆಲ್ ಎಸೆಯುವುದರಲ್ಲಿ ಮೂಗಣ್ಣನಿಗೆ ಅನುಭವವಿದೆಯಲ್ಲ.

ಆಮೇಲಿನದು ನಿರೀಕ್ಷಿಸಿದ್ದೇ. ಗುಬ್ಬಿ ಸ್ಟೂಲಿಗೆ ಒದ್ದಳು, ಬಕೆಟ್ಟಿಗೆ ಒದ್ದಳು, ನಿನ್ನ ತಮ್ಮನ ಹೊಟ್ಟೆಗೊಂದು ಬಿಗಿದಳು. ನನ್ನ ಮುಖದ ಮುಂದೆ ಗ್ಲೌಸ್ ಎತ್ತಿ, "ಯಾಕ್ ಎಸೆದ್ರಿ ಮಾಸ್ಟ್ರೇ? ನನ್ನ ಹತ್ರ ಇನ್ನೂ ಇತ್ತು!" ಎಂದು ಕಿರುಚಿದಳು.

"ಇತ್ತು. ಅದಕ್ಕೇ ಎಸೆದೆ. ಉಳೀಲಿ ಅಂತ," ಎಂದೆ. ಇಷ್ಟು ಹೇಳಲು ನನಗೆ ಮೂರು ಉಸಿರು ಬೇಕಾಯಿತು. ಅವಳು ಗ್ಲೌಸಿನಲ್ಲೇ ನನ್ನ ಕುತ್ತಿಗೆ ತಬ್ಬಿ ಅತ್ತಳು. ಹೊಲಿಗೆ ಹಾಕಿಸಿದೆವು. ಕಣ್ಣಿಗೇನೂ ಆಗಿಲ್ಲ.

ಈಗ ಎರಡನೇ ಪ್ರಶ್ನೆ. ಇದನ್ನು ಬರೆಯಲು ನಗು ಸಾಲುತ್ತಿಲ್ಲ, ಆದರೂ ಪ್ರಯತ್ನಿಸುತ್ತೇನೆ.

ಪುಟ್ಟ ಡಾಕ್ಟರ್ ಕೇಳಿದ್ದು ಇದು: "ಮುಂದೆ ಯಾವತ್ತಾದ್ರೂ ನಿಮಗೆ ಮಾತಾಡೋಕೆ ಆಗದೇ ಹೋದ್ರೆ, ಇದು ಸಾಕು, ಇದು ಬೇಕು ಅಂತ ನಿಮ್ಮ ಪರವಾಗಿ ಯಾರು ಹೇಳ್ಬೇಕು?" ಈಗಲ್ಲ, ಮಾರಾಯ್ತಿ. ಸ್ಕ್ಯಾನಿನಲ್ಲಿ ಗಡ್ಡೆ ಸದ್ಯಕ್ಕೆ ಇದ್ದಷ್ಟೇ ಇದೆ, ಕೀಮೋ ನಡೆಯುತ್ತಿದೆ. ಬುದ್ಧಿ ನೆಟ್ಟಗಿರುವಾಗಲೇ ಹೇಳಿಟ್ಟರೆ ಒಳ್ಳೆಯದು ಎಂದರು. ಅಂದು ನಾನು, ಯಾರೂ ಬೇಡ, ನನ್ನ ಟವೆಲ್ ನಾನೇ ಎಸೆದುಕೊಳ್ಳುತ್ತೇನೆ ಎಂದು ಎದೆ ತಟ್ಟಿದ್ದೆ. ನಿನ್ನೆ ನೋಡಿದೆನಲ್ಲ. ನಾನು ಎಸೆದರೆ ಅದು ಅಂಚಿನಲ್ಲೇ ಬೀಳುತ್ತದೆ.

ಯಾರ ಕೈಗೆ ಕೊಡಲಿ? ನಿನ್ನ ತಮ್ಮ ಎಸೆಯುವುದೇ ಇಲ್ಲ. ನನ್ನ ಮೂಳೆ ಪುಡಿಯಾದರೂ "ಇನ್ನೂ ನಿಂತಿದ್ದಾರೆ" ಎನ್ನುವ ಪ್ರೀತಿ ಅವನದು. ಗುಬ್ಬಿಯೂ ಎಸೆಯಳು, ಅವಳಿಗೆ ನಾನೇ ಕಲಿಸಿದ್ದೇನೆ. ಮೂಗಣ್ಣ ಎಸೆಯಬಲ್ಲ, ಆದರೆ ಅವನು ನನ್ನನ್ನು ಕಂಡದ್ದು ಬಿದ್ದ ಮೇಲೆ. ನನ್ನೊಳಗೆ ಎಷ್ಟಿತ್ತು, ಎಷ್ಟು ಉಳಿದಿದೆ ಎಂದು ಅಳೆಯಲು ನಿಂತಿದ್ದಾಗ ನೋಡಿರಬೇಕು.

ಈ ಮನೆಯಲ್ಲಿ ಒಂದು ಜಗಳವನ್ನು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದವಳು ನೀನೊಬ್ಬಳೇ. ನೀನು ತಟ್ಟೆ ಎಸೆದೆ, ಲೋಟ ಎಸೆದೆ. ಇನ್ನೊಂದು ಮಾತು ಆಡಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಲಾಗದ ಜಾಗಕ್ಕೆ ಬಂದಾಗ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಹೊರಟೆ. ನೀನು ಸೋತೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಅಂದು ಹೊರಟದ್ದಕ್ಕೇ ಈ ಕಾಗದಗಳನ್ನು ಬರೆಯಲು, ಓದಲು ಇನ್ನೂ ಇಬ್ಬರು ಉಳಿದಿದ್ದೇವೆ.

ಬೇಗ ಎಸೆಯಬೇಡ. ನಾನು ಒಂದೆರಡು ಸಲ ಬಿದ್ದು ಏಳುವವನು, ನಿನಗೆ ಗೊತ್ತಿದೆ. ಆದರೆ ಮುಷ್ಟಿ ಹಿಡಿದರೆ ಎರಡು ಬೆರಳು ಎನ್ನುವ ದಿನ ಬಂದರೆ, ನಾನು ಎಷ್ಟೇ ಬೇಡಿಕೊಂಡರೂ ಕೇಳಬೇಡ.

ನಿನ್ನ ಕೈಗೆ ಕಾಯುತ್ತಿರುವ,
ಗಂಡ

ವಿ.ಸೂ.: ಕೇಳಿ ಹೇಳಬೇಕಿತ್ತು. ನಿನ್ನನ್ನು ಕೇಳದೆಯೇ ಪುಟ್ಟ ಡಾಕ್ಟರಿಗೆ ನಿನ್ನ ಹೆಸರು ಕೊಟ್ಟುಬಿಟ್ಟಿದ್ದೇನೆ. "ಅವರು ನಿಮ್ಮ ಜೊತೆ ಇಲ್ವಲ್ಲ?" ಎಂದರು. ಎದುರು ಮೂಲೆಯಿಂದ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತೆ ಎಂದೆ. ಇನ್ನೊಂದು: ಯೋಚನೆ ಮುಗಿಯಿತು. ಒಂದು ನಿಮಿಷ ಸ್ವಲ್ಪ ಉದ್ದವಾಯಿತು, ಮನ್ನಿಸು. ಮರಳಿನ ಚೀಲ ಇಳಿಸಿ ದೀಪ ಹಾಕಲು ನಿನ್ನ ತಮ್ಮನಿಗೆ ಹೇಳಿದ್ದೇನೆ.


ಬುಧವಾರ

ರೀ,

ಕೇಳದೆ ನನ್ನ ಹೆಸರು ಕೊಟ್ಟಿದ್ದಕ್ಕೆ ಬಂದು ಕಿವಿ ಹಿಂಡುತ್ತೇನೆ. ಬೇರೆಯವರ ಹೆಸರು ಕೊಟ್ಟಿದ್ದರೆ ಕುತ್ತಿಗೆಯನ್ನೇ ಹಿಂಡುತ್ತಿದ್ದೆ.

ಟವೆಲ್ ಹಿಡಿಯುತ್ತೇನೆ. ಆದರೆ ಇಷ್ಟು ದೂರದಿಂದ ಎಸೆದರೆ ಅದು ನಿಮ್ಮವರೆಗೆ ಬರುವುದಿಲ್ಲ. ಇಷ್ಟು ದೂರದಿಂದ ಕಾಣುವುದೂ ಇಲ್ಲ. ಎದುರು ಮೂಲೆಯಿಂದ ಚೆನ್ನಾಗಿ ಕಾಣುತ್ತದಂತೆ! ಯಾರನ್ನು ನಂಬಿಸುತ್ತೀರಿ? ನಿಮ್ಮ ಮೂಲೆಯಲ್ಲೇ ನಿಂತವರಿಗೆ ಮಾತ್ರ ಉಸಿರಿನ ಸದ್ದು ಕೇಳುತ್ತದೆ. ಲಾಂಡ್ರಿಯನ್ನು ಜೊತೆಯವಳಿಗೆ ಒಪ್ಪಿಸಿದ್ದೇನೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಇಸ್ತ್ರಿಪೆಟ್ಟಿಗೆಯೂ ಬರುತ್ತಿದೆ, ಹುಷಾರು.

ಪುಟ್ಟ ಡಾಕ್ಟರಿಗೆ ಹೇಳಿಡಿ, ನನಗೆ ಕೇಳುವುದು ಬಹಳ ಇದೆ, ಟೋಕನ್ ಮೊದಲೇ ತೆಗೆದಿಡಲಿ. ಆ ನರ್ಸಿಗೆ ನಾಲ್ಕು ಹೊಸ ಅಂಗಿ ಇಸ್ತ್ರಿ ಮಾಡಿ ತರುತ್ತೇನೆ. ನಿಮ್ಮಿಂದ ಅವನದೆಷ್ಟು ಅಂಗಿ ಹಾಳಾದವೋ.

ಇಂತಿ,
ನಿಮ್ಮ ಮೂಲೆಯವಳು

ವಿ.ಸೂ.: ಚೀಲ ಇಳಿಸಬೇಡ ಎಂದು ತಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ. ಅದು ಅಲ್ಲೇ ಇರಲಿ. ಮುಂದೆ ನನಗೆ ಬೇಕಾಗುತ್ತದೆ. ಗುದ್ದುವ ಮುಂಚೆ ಕೈಗೆ ಪಟ್ಟಿ ಹೇಗೆ ಸುತ್ತಿಕೊಳ್ಳಬೇಕೆಂದು, ನಿಮಗೆ ಉಸಿರಿರುವಾಗಲೇ ಹೇಳಿಕೊಡಿ.